ಗೇಟಿನ ಒಳಗೆ ನಿಂತ ಕ್ಯಾಮೆರಾ

(ಹಡಗು ಕಟ್ಟುವ ಕಾರ್ಮಿಕರ ಹೋರಾಟಗಳನ್ನು ಕುರಿತ ಸಾಕ್ಷ್ಯಚಿತ್ರಗಳ ಮರುಪ್ರದರ್ಶನ ಸರಣಿಯ ಮೊದಲ ದಿನ ಆಡಿದ ಮಾತುಗಳ ಬರಹ ರೂಪ)

ಸ್ನೇಹಿತರೇ,

ಶಿಪ್‌ಯಾರ್ಡಿಗೂ ಸಿನಿಮಾಕ್ಕೂ ಇರುವ ನಂಟು ಹೆಚ್ಚುಕಡಿಮೆ ಸಿನಿಮಾದ ಹುಟ್ಟಿನಷ್ಟೇ ಹಳೆಯದು. 1898ರ ಜೂನ್ 21ರಂದು ಲಂಡನ್ನಿನ ಬ್ಲ್ಯಾಕ್‌ವಾಲ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಯಾರ್ಡಿನಿಂದ ‘ಆಲ್ಬಿಯನ್’ ಎಂಬ ಯುದ್ಧನೌಕೆಯನ್ನು ನೀರಿಗೆ ಇಳಿಸಿದರು. ರಾಜಮನೆತನದವರು ಬಂದಿದ್ದರು, ಸಾವಿರಾರು ಜನ ಸೇರಿದ್ದರು, ರಾಬರ್ಟ್ ಪಾಲ್ ಎಂಬಾತ ದೋಣಿಯೊಂದರಲ್ಲಿ ಕ್ಯಾಮೆರಾ ಹೂಡಿಕೊಂಡು ಕಾದಿದ್ದ. ಹಡಗು ಜಾರಿ ನೀರಿಗೆ ಬಿದ್ದಾಗ ಎದ್ದ ಅಲೆ ಪಕ್ಕದ ಕಾಲುವೆಗೆ ನುಗ್ಗಿ, ಅಲ್ಲಿದ್ದ ಹಲಗೆಯ ಸೇತುವೆಯನ್ನು ಮುರಿಯಿತು. ಅದರ ಮೇಲೆ ಕಿಕ್ಕಿರಿದು ನಿಂತಿದ್ದವರು ನೀರುಪಾಲಾದರು. ಸತ್ತವರು 30ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಜಯಘೋಷದ ಗದ್ದಲದಲ್ಲಿ ಅವರ ಕೂಗು ಯಾರಿಗೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನವರೆಗೆ ಸಮಾರಂಭ ತನ್ನ ಪಾಡಿಗೆ ತಾನು ನಡೆದೇ ಇತ್ತು. ಹಡಗು ಇಳಿಯುವುದನ್ನು ತೆಗೆಯಲು ಬಂದಿದ್ದ ಪಾಲ್ ಜನರನ್ನು ಮೇಲೆತ್ತುವುದನ್ನೂ ತೆಗೆದ, ಮತ್ತು ಅದನ್ನು ಜನರಿಗೆ ತೋರಿಸಬೇಕೇ ಕೂಡದೇ ಎಂಬ ಜಗಳ ಆಗಲೇ ಎದ್ದಿತು. ಏನನ್ನು ತೆಗೆಯಬೇಕು, ಯಾರಿಗೆ, ಯಾವಾಗ ತೋರಿಸಬೇಕು ಎಂಬ ಈ ಜಗಳ 120 ವರ್ಷ ಕಳೆದರೂ ಮುಗಿದಿಲ್ಲ. ಇವತ್ತಿನ ನನ್ನ ಮಾತೂ ಅದರ ಒಂದು ತುಣುಕು ಎಂದುಕೊಳ್ಳಬಹುದು.

ಹಡಗು ಕಟ್ಟುವುದನ್ನು ಕುರಿತು ಬಂದ ಚಿತ್ರಗಳಲ್ಲಿ ಬಹುಪಾಲು ಹಡಗನ್ನು ಕುರಿತವು, ಅದನ್ನು ಕಟ್ಟುವವರು ಅವುಗಳಲ್ಲಿ ಕೈಗಳಾಗಿ, ಬೆನ್ನುಗಳಾಗಿ, ಕಿಡಿಗಳ ನಡುವಿನ ಕಪ್ಪು ಆಕೃತಿಗಳಾಗಿ ಬಂದು ಹೋಗುತ್ತಾರೆ. ಇದಕ್ಕೆ ಕಾರಣ ಸರಳ: ಹಣ ಕೊಟ್ಟವರು ಯಾರ್ಡಿನ ಮಾಲೀಕರು. ಗ್ಲಾಸ್ಗೋದ ಕ್ಲೈಡ್ ನದಿಯ ಯಾರ್ಡುಗಳನ್ನು ಕುರಿತು ಹಿಲರಿ ಹ್ಯಾರಿಸ್ ನಿರ್ದೇಶಿಸಿದ ‘ಸೀವರ್ಡ್ಸ್ ದಿ ಗ್ರೇಟ್ ಶಿಪ್ಸ್’ ಇಂಥ ಚಿತ್ರಗಳಲ್ಲಿ ಎಲ್ಲಕ್ಕಿಂತ ಚೆಲುವಾದದ್ದು. ಅದರ ಮೂಲ ರೂಪರೇಖೆಯನ್ನು ಬರೆದವರು, ಸಾಕ್ಷ್ಯಚಿತ್ರವೆಂಬ ಪ್ರಕಾರಕ್ಕೇ ಹಿರಿಯರೆನಿಸಿದ ಜಾನ್ ಗ್ರಿಯರ್ಸನ್. ಹಣದಲ್ಲಿ ಪಾಲು ಹಾಕಿದ್ದು ಕ್ಲೈಡ್‌ನ ಹಡಗು ಕಟ್ಟುವ ಕಂಪನಿಗಳ ಸಂಘ. 1962ರಲ್ಲಿ ಅದಕ್ಕೆ ಆಸ್ಕರ್ ಬಂದಿತು. ಬಾಗಿದ ಉಕ್ಕಿನ ಹಾಳೆ ಆಕಾಶಕ್ಕೆ ಅಡ್ಡಲಾಗಿ ನಿಧಾನವಾಗಿ ತೇಲಿಬರುವುದನ್ನು ಆ ಚಿತ್ರದಲ್ಲಿ ಕಂಡವರಿಗೆ ಅದು ಮರೆಯುವುದಿಲ್ಲ. ನಾನು ಅದನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಎರಡು ಸಲ ನೋಡಿ ಎನ್ನುತ್ತೇನೆ. ಎರಡನೆಯ ಸಲ ನೋಡುವಾಗ, ಅಷ್ಟು ಜನ ದುಡಿಯುವವರಲ್ಲಿ ಒಬ್ಬರಾದರೂ ತಮ್ಮ ಕೂಲಿಯ ಬಗ್ಗೆ, ತಮ್ಮ ಕಿವಿಯ ಬಗ್ಗೆ, ಈ ಹಡಗು ಹೋದ ಮೇಲೆ ಮುಂದೇನು ಎಂಬುದರ ಬಗ್ಗೆ ಮಾತಾಡುತ್ತಾರೆಯೇ ಎಂದು ಗಮನಿಸಿ.

ಕಿವಿಯ ಮಾತು ಬಂದದ್ದರಿಂದ ಒಂದು ಸಣ್ಣ ಸಂಗತಿ. ಇಂಥದೇ ಒಂದು ಹಳೆಯ ಚಿತ್ರವನ್ನು ಚಿಕ್ಕ ಕೂಟವೊಂದರಲ್ಲಿ ತೋರಿಸಿದಾಗ, ನಾವೆಲ್ಲ ಬೆಳಕನ್ನೂ ಸಂಕಲನವನ್ನೂ ಮೆಚ್ಚಿ ಮಾತಾಡಿದ ಮೇಲೆ, ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಬಾಯ್ಲರ್ ಕೆಲಸಗಾರರೊಬ್ಬರು ಎದ್ದು, ‘ಅವರು ಬಾಯಿ ತೆರೆಯದೆ ಕೈಯಲ್ಲೇ ಮಾತಾಡುತ್ತಿದ್ದಾರೆ, ನೀವು ಯಾರೂ ನೋಡಲಿಲ್ಲವೇ?’ ಎಂದರು. ಮತ್ತೆ ಆ ಭಾಗವನ್ನು ಹಾಕಿಸಿ ನೋಡಿದೆವು. ನಿಜ. ಉಕ್ಕಿನ ಹಾಳೆಯ ಎರಡು ಬದಿಗೆ ನಿಂತ ಇಬ್ಬರು ಬೆರಳುಗಳನ್ನು ಮಡಚಿ, ಬಿಡಿಸಿ, ಅಂಗೈಯನ್ನು ತಿರುಗಿಸಿ, ಒಂದಿಡೀ ಸಂಭಾಷಣೆ ಮುಗಿಸಿದರು. ಆ ಗದ್ದಲದಲ್ಲಿ ಕೂಗಿದರೂ ಕೇಳಿಸದು, ಆದ್ದರಿಂದ ಕೈಸನ್ನೆ. ನಾವು ಲಯ ಎಂದು ಕರೆದದ್ದನ್ನು ಆ ಹಿರಿಯರು ಕಿವುಡುತನ ಎಂದು ಕರೆದರು. ಅವರು ಬಾರದೆ ಹೋಗಿದ್ದರೆ ಆ ಸಂಜೆ ನಾವು ಚಿತ್ರವನ್ನು ನೋಡಿಯೂ ನೋಡದವರಾಗಿ ಮನೆಗೆ ಹೋಗುತ್ತಿದ್ದೆವು.

ಮಾಲೀಕರ ಚಿತ್ರ, ಕಾರ್ಮಿಕರ ಚಿತ್ರ ಎಂದು ಎರಡೇ ಬಗೆ ಮಾಡಿಬಿಟ್ಟರೆ ಅದೂ ಸರಿಯಲ್ಲ. ನಟ ಶಾನ್ ಕಾನರಿ 1967ರಲ್ಲಿ, ಗ್ಲಾಸ್ಗೋದ ಗೋವನ್‌ನ ಫೇರ್‌ಫೀಲ್ಡ್ ಯಾರ್ಡಿನಲ್ಲಿ ಆಡಳಿತದವರೂ ಕಾರ್ಮಿಕರೂ ಕೂಡಿ ನಡೆಸಿದ ಪ್ರಯೋಗವೊಂದನ್ನು ಕುರಿತು ದೂರದರ್ಶನಕ್ಕಾಗಿ ಒಂದು ಚಿತ್ರ ನಿರ್ದೇಶಿಸಿದರು; ಅವರು ನಿರ್ದೇಶಿಸಿದ್ದು ಅದೊಂದೇ. ಮೇಸ್ತ್ರಿಗಳ ಗುಂಡು ಟೋಪಿಗೂ ಕೆಲಸಗಾರರ ಚಪ್ಪಟೆ ಟೋಪಿಗೂ ಇರುವ ದೂರವೇ ಅದರ ಹೆಸರಾದ ‘ದಿ ಬೌಲರ್ ಅಂಡ್ ದಿ ಬನೆಟ್’ನಲ್ಲಿದೆ. ಈ ದೂರವನ್ನು ಒಳ್ಳೆಯ ಮನಸ್ಸಿನಿಂದ ಕಳೆಯಬಹುದು ಎಂಬ ನಂಬಿಕೆ ಆ ಚಿತ್ರದ್ದು. ಪ್ರಯೋಗವು ಒಂದೆರಡು ವರ್ಷದಲ್ಲೇ ಕೊನೆಗೊಂಡಿತು, ಏಕೆಂದರೆ 1968ರಲ್ಲಿ ಫೇರ್‌ಫೀಲ್ಡ್ ಸೇರಿದಂತೆ ಕ್ಲೈಡ್‌ನ ಐದು ಯಾರ್ಡುಗಳನ್ನು ಸೇರಿಸಿ ‘ಅಪ್ಪರ್ ಕ್ಲೈಡ್ ಶಿಪ್‌ಬಿಲ್ಡರ್ಸ್’ ಎಂಬ ಒಂದೇ ಕಂಪನಿ ಮಾಡಿದರು. ನಮ್ಮ ಮುಖ್ಯ ಕಥೆ ಶುರುವಾಗುವುದು ಇಲ್ಲಿಂದ.

1971ರ ಜೂನ್‌ನಲ್ಲಿ ಈ ಕಂಪನಿಯ ಕೈಯಲ್ಲಿ ಕೆಲಸವಿತ್ತು, ಹಣವಿರಲಿಲ್ಲ. ಬ್ರಿಟನ್ನಿನ ಪ್ರಧಾನಿ ಎಡ್ವರ್ಡ್ ಹೀತ್ ಅವರ ಸರಕಾರ, ಕೇಳಿದ 60 ಲಕ್ಷ ಪೌಂಡ್ ಸಾಲವನ್ನು ಕೊಡಲೊಲ್ಲದೆ, ಸೋಲುವ ಉದ್ಯಮಗಳನ್ನು ಹೊತ್ತುಕೊಳ್ಳುವುದಿಲ್ಲ ಎಂದಿತು. ಕಂಪನಿ ದಿವಾಳಿಗೆ ಹೋಯಿತು. ಸುಮಾರು 8,500 ಜನರ ಪೈಕಿ ಆರು ಸಾವಿರದಷ್ಟು ಜನರನ್ನು ಮನೆಗೆ ಕಳುಹಿಸುವ ಯೋಜನೆ ಸಿದ್ಧವಾಯಿತು. ಇಂಥ ಹೊತ್ತಿನಲ್ಲಿ ಕಾರ್ಮಿಕ ಸಂಘಟನೆಗಳಿಗೆ ಹೊಳೆಯುವ ದಾರಿ ಮುಷ್ಕರ. ಆದರೆ ಬಾಗಿಲು ಹಾಕಬೇಕೆಂದೇ ಹೊರಟವನ ಮುಂದೆ ಮುಷ್ಕರ ಹೂಡಿದರೆ ಅವನ ಕೆಲಸವನ್ನು ನಾವೇ ಸಲೀಸು ಮಾಡಿಕೊಟ್ಟ ಹಾಗೆ. ಜಿಮ್ಮಿ ರೀಡ್, ಜಿಮ್ಮಿ ಏರ್ಲಿ ಮುಂತಾದ ಕಾರ್ಮಿಕ ಪ್ರತಿನಿಧಿಗಳು ಇದನ್ನು ತಿರುವು ಹಾಕಿ ಯೋಚಿಸಿದರು. ಜುಲೈ 30ರಂದು ಯಾರ್ಡಿನ ಗೇಟುಗಳನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡು, ಕೆಲಸವನ್ನು ನಿಲ್ಲಿಸದೆ ಮುಂದುವರಿಸಿದರು. ಕೆಲಸದಿಂದ ತೆಗೆದ ಚೀಟಿ ಕೈಗೆ ಬಂದವನೂ ಮರುದಿನ ಬೆಳಿಗ್ಗೆ ಎಂದಿನಂತೆ ಡಬ್ಬಿ ಹಿಡಿದು ಒಳಗೆ ಬಂದ. ಅವನ ಸಂಬಳವನ್ನು ಕೆಲಸವುಳ್ಳವರು ಪ್ರತಿ ವಾರ ಹಾಕಿದ ವಂತಿಗೆಯಿಂದಲೂ ಹೊರಗಿನವರ ದೇಣಿಗೆಯಿಂದಲೂ ಕೊಟ್ಟರು. ಇದಕ್ಕೆ ಅವರು ‘ವರ್ಕ್-ಇನ್’ ಎಂದು ಹೆಸರಿಟ್ಟರು; ಒಳಗೇ ಇದ್ದು ದುಡಿಯುವ ಹೋರಾಟ ಎಂದು ಕನ್ನಡದಲ್ಲಿ ಹೇಳಬಹುದೇನೋ.

ಆ ದಿನಗಳಲ್ಲಿ ರೀಡ್ ಆಡಿದ ಒಂದು ಮಾತು ದೂರದರ್ಶನದ ಕ್ಯಾಮೆರಾಗಳಿಂದಾಗಿ ಜಗತ್ತಿಗೆಲ್ಲ ಗೊತ್ತಾಯಿತು: ಪುಂಡಾಟ ನಡೆಯದು, ಹಾಳುಗೆಡಹುವುದು ನಡೆಯದು, ಕುಡಿತ ನಡೆಯದು, ಏಕೆಂದರೆ ಜಗತ್ತು ನಮ್ಮನ್ನು ನೋಡುತ್ತಿದೆ. ಕುಡಿತಕ್ಕೆ ಅವರು ಬಳಸಿದ್ದು ಗ್ಲಾಸ್ಗೋದ ಬೀದಿಯ ಪದ. ಭಾಷಣದ ಗಾಂಭೀರ್ಯದ ನಡುವೆ ಆ ಪದ ಬಂದದ್ದರಿಂದಲೇ ಅದು ಆಜ್ಞೆಯಂತೆ ಕೇಳದೆ, ಮನೆಯ ಹಿರಿಯಣ್ಣ ತಮ್ಮಂದಿರಿಗೆ ಹೇಳಿದಂತೆ ಕೇಳುತ್ತದೆ. ದೂರದರ್ಶನಕ್ಕೆ ಅಷ್ಟು ಸಾಕಾಯಿತು. ಅರ್ಧ ನಿಮಿಷದ ಮಾತು ಸಿಕ್ಕ ಮೇಲೆ ಅದು ತನ್ನ ಕ್ಯಾಮೆರಾವನ್ನು ಬೇರೆ ಸುದ್ದಿಯತ್ತ ತಿರುಗಿಸಿತು. ಗಾಯಕ ಜಾನ್ ಲೆನನ್ ಮತ್ತು ಅವರ ಹೆಂಡತಿ ಯೋಕೋ ಓನೊ ಹಣವನ್ನೂ ಗುಲಾಬಿ ಹೂಗಳನ್ನೂ ಕಳುಹಿಸಿದಾಗ ಮತ್ತೆ ಬಂದಿತು. ಲೆನನ್ ಹಣ ಕಳಿಸಿದ್ದಾನೆ ಎಂದಾಗ ‘ಲೆನಿನ್ ಸತ್ತುಹೋಗಿಲ್ಲವೇ’ ಎಂದು ಹಿರಿಯ ಕೆಲಸಗಾರನೊಬ್ಬ ಕೇಳಿದನಂತೆ. ಈ ಕಥೆ ಎಷ್ಟು ಸಲ ಹೇಳಿ ಸವೆದಿದೆಯೆಂದರೆ, ವರ್ಕ್-ಇನ್ ಬಗ್ಗೆ ಬೇರೇನೂ ಗೊತ್ತಿಲ್ಲದವರಿಗೂ ಇದೊಂದು ಗೊತ್ತಿರುತ್ತದೆ.

ದೂರದರ್ಶನ ಹೊರಟ ಮೇಲೂ ಉಳಿದ ಕ್ಯಾಮೆರಾ ‘ಸಿನಿಮಾ ಆಕ್ಷನ್’ ಎಂಬ ತಂಡದ್ದು. 1968ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ತಂಡದ ಮೊದಲ ಕೆಲಸ ಚಿತ್ರ ತೆಗೆಯುವುದಾಗಿರಲಿಲ್ಲ, ತೋರಿಸುವುದಾಗಿತ್ತು: ಆ ವರ್ಷ ಫ್ರಾನ್ಸಿನಲ್ಲಿ ವಿದ್ಯಾರ್ಥಿಗಳು ಎದ್ದ ಬಗೆಯನ್ನು ಕುರಿತ ಚಿತ್ರವನ್ನು ಅವರು ಜನರ ನಡುವೆ ಹೊತ್ತು ತೋರಿಸಿದರು. ತೋರಿಸುತ್ತ ತೋರಿಸುತ್ತ, ಜನ ಏನು ಕೇಳುತ್ತಾರೆ ಎಂಬುದು ತಿಳಿದ ಮೇಲೆ ತಾವೇ ತೆಗೆಯಲು ಶುರುಮಾಡಿದರು. ನನ್ನ ಮಟ್ಟಿಗೆ ಈ ಕ್ರಮವೇ ಮುಖ್ಯವಾದದ್ದು. ಕಾರ್ಮಿಕರ ವಿಶ್ವಾಸ ಪಡೆದು ಯಾರ್ಡಿನ ಒಳಗೆ ಹೋದ ಅವರು 1971ರಲ್ಲೇ, ಹೋರಾಟ ಇನ್ನೂ ನಡೆಯುತ್ತಿರುವಾಗಲೇ, ‘ಯುಸಿಎಸ್ 1’ (ಅಪ್ಪರ್ ಕ್ಲೈಡ್ ಶಿಪ್‌ಬಿಲ್ಡರ್ಸ್ ಎಂಬುದರ ಮೊದಲಕ್ಷರಗಳು) ಎಂಬ ಕಿರುಚಿತ್ರವನ್ನು ಹೊರತಂದರು. ಅದರ ಉದ್ದೇಶ ಹೋರಾಟಕ್ಕೆ ಬೇರೆ ಊರುಗಳ ಕಾರ್ಮಿಕರ ಬೆಂಬಲ ದೊರಕಿಸುವುದು. ಅದೇ ಸಂದರ್ಭದಲ್ಲಿ ತೆಗೆದದ್ದನ್ನೆಲ್ಲ ಕೂಡಿಸಿ, ವರ್ಷಗಳ ಕಾಲ ಕೂತು ಕತ್ತರಿಸಿ, 1977ರಲ್ಲಿ ‘ಕ್ಲಾಸ್ ಸ್ಟ್ರಗಲ್: ಫಿಲ್ಮ್ ಫ್ರಮ್ ದಿ ಕ್ಲೈಡ್’ ಎಂಬ ದೊಡ್ಡ ಚಿತ್ರವನ್ನು ಮುಗಿಸಿದರು.

ಈ ಎರಡನ್ನೂ ಒಂದಾದ ಮೇಲೊಂದು ನೋಡಬೇಕು. ಮೊದಲನೆಯದಕ್ಕೆ ಮುಂದೇನಾಗುತ್ತದೆಂದು ಗೊತ್ತಿಲ್ಲ. 1971ರ ಆಗಸ್ಟ್ 18ರಂದು ಗ್ಲಾಸ್ಗೋದ ಬೀದಿಗಳಲ್ಲಿ ಸುಮಾರು 80,000 ಜನ ಮೆರವಣಿಗೆ ಹೊರಟಾಗ, ಅವರಲ್ಲಿ ಯಾರಿಗೂ 1972ರ ಫೆಬ್ರುವರಿಯಲ್ಲಿ ಸರಕಾರ ಬಾಗಿ 3.5 ಕೋಟಿ ಪೌಂಡ್ ಕೊಡುತ್ತದೆಂದು ಗೊತ್ತಿರಲಿಲ್ಲ. ಅದೇ ಕಂಪನಿಯ ಕ್ಲೈಡ್‌ಬ್ಯಾಂಕ್‌ನ ಯಾರ್ಡನ್ನು ಅಮೆರಿಕದ ಮ್ಯಾರಥಾನ್ ಎಂಬ ಕಂಪನಿ ಎಣ್ಣೆ ತೆಗೆಯುವ ವೇದಿಕೆಗಳನ್ನು ಕಟ್ಟಲು ಕೊಳ್ಳುತ್ತದೆ ಎಂಬುದೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವಿಕೆ ಚಿತ್ರದ ಮೈಯಲ್ಲೇ ಇದೆ. ಅದು ನೋಡುವವರ ಕಡೆ ತಿರುಗಿ, ನೀವೇನು ಮಾಡುತ್ತೀರಿ ಎಂದು ಕೇಳುತ್ತದೆ. ಎರಡನೆಯ ಚಿತ್ರಕ್ಕೆ ಎಲ್ಲ ಗೊತ್ತು, ಆದ್ದರಿಂದ ಅದು ನಿಧಾನಿಸಿ ಸಭೆಗಳನ್ನು ತೋರಿಸುತ್ತದೆ.

ಸಭೆ ಎಂದ ಕೂಡಲೇ ಕೆಲವರು ಆಕಳಿಸುವುದು ನನಗೆ ಕಾಣುತ್ತಿದೆ. ಸಾಕ್ಷ್ಯಚಿತ್ರಗಳಲ್ಲಿ ಸಭೆಯಷ್ಟು ಬೇಸರದ್ದು ಮತ್ತೊಂದಿಲ್ಲ ಎಂಬುದು ಲೋಕಾರೂಢಿ. ಹೊಗೆ ತುಂಬಿದ ಕೋಣೆ, ಒಂದೇ ದೀಪ, ಒಬ್ಬನ ಮಾತಿನ ಮೇಲೆ ಇನ್ನೊಬ್ಬನ ಮಾತು, ಅರ್ಧ ಅರ್ಥವಾಗದ ಉಚ್ಚಾರ. ಆದರೆ ಹೋರಾಟ ಎಂಬುದು ನಿಜವಾಗಿ ನಡೆಯುವುದು ಅಲ್ಲೇ. ಮೆರವಣಿಗೆ ಅದರ ಪ್ರಕಟಣೆ ಮಾತ್ರ. ಒಬ್ಬ ಎದ್ದು ನಿಂತು ತನ್ನ ಅನುಮಾನವನ್ನು ಹೇಳುತ್ತಾನೆ; ಹೇಳುತ್ತ ಹೇಳುತ್ತ ಅವನಿಗೇ ಅದು ಮೊದಲಿಗಿಂತ ಸ್ಪಷ್ಟವಾಗುತ್ತದೆ; ಪಕ್ಕದವನು ತಲೆ ತಗ್ಗಿಸಿ ನೆಲ ನೋಡುತ್ತಾನೆ; ಕೊನೆಗೆ ಕೈಗಳು ಒಂದೊಂದಾಗಿ ಮೇಲೇಳುತ್ತವೆ, ಕೆಲವು ತಡವಾಗಿ, ಅಕ್ಕಪಕ್ಕ ನೋಡಿಕೊಂಡು. ಆ ತಡವಾಗಿ ಎದ್ದ ಕೈಗಳನ್ನು ಕತ್ತರಿಸಿ ತೆಗೆದರೆ ಉಳಿಯುವುದು ಒಮ್ಮತದ ಪೋಸ್ಟರ್.

ಆಗ ಇಂಥ ಚಿತ್ರಗಳನ್ನು ತೋರಿಸುತ್ತಿದ್ದ ರೀತಿಯೂ ಇದಕ್ಕೆ ಹೊಂದುವಂಥದು. 16 ಮಿಲಿಮೀಟರಿನ ಫಿಲ್ಮು, ಒಂದು ಪೆಟ್ಟಿಗೆಯಷ್ಟು ದೊಡ್ಡ ಪ್ರೊಜೆಕ್ಟರು, ಬಿಳಿ ಬಟ್ಟೆ ಅಥವಾ ಬರಿಯ ಗೋಡೆ, ಕಾರ್ಖಾನೆಯ ಊಟದ ಮನೆ ಅಥವಾ ಸಂಘದ ಕಚೇರಿ. 1,600 ಅಡಿಯ ಒಂದು ರೀಲು ಓಡುವುದು ಸುಮಾರು 44 ನಿಮಿಷ. ಒಂದೇ ಪ್ರೊಜೆಕ್ಟರು ಇದ್ದ ಕಡೆ ಅದು ಮುಗಿದಾಗ ದೀಪ ಹಾಕಲೇಬೇಕು, ಮುಂದಿನ ರೀಲನ್ನು ಹಲ್ಲುಗಳಿಗೆ ಸಿಕ್ಕಿಸಲೇಬೇಕು. ಆ ನಾಲ್ಕೈದು ನಿಮಿಷದಲ್ಲಿ ಜನ ಸುಮ್ಮನೆ ಕೂರುವುದಿಲ್ಲ, ಮಾತಿಗೆ ಇಳಿಯುತ್ತಾರೆ. ಸಿನಿಮಾ ಆಕ್ಷನ್‌ನವರಂತೂ ಚಿತ್ರವನ್ನು ಚರ್ಚೆಗೆ ಇಟ್ಟ ಪೀಠಿಕೆಯೆಂದೇ ತಿಳಿದವರು. ಚರ್ಚೆಯಿಲ್ಲದ ಪ್ರದರ್ಶನ ಅವರ ಲೆಕ್ಕದಲ್ಲಿ ಪ್ರದರ್ಶನವೇ ಅಲ್ಲ.

ಇನ್ನು ಪೋಲೆಂಡಿಗೆ ಹೋಗೋಣ; ಅಲ್ಲಿ ಗೇಟಿನ ಒಳಗೆ ಕ್ಯಾಮೆರಾ ಇದ್ದ ಕಥೆ ಇನ್ನಷ್ಟು ವಿಚಿತ್ರ, ಏಕೆಂದರೆ ಅದು ಸರಕಾರದ್ದೇ ಸ್ಟುಡಿಯೋದ ಕ್ಯಾಮೆರಾ. 1970ರ ಡಿಸೆಂಬರಿನಲ್ಲಿ ಬಾಲ್ಟಿಕ್ ತೀರದ ಗ್ದಾನ್ಸ್ಕ್ ಮತ್ತು ಗ್ದಿನಿಯಾ ಪಟ್ಟಣಗಳಲ್ಲಿ ಸೈನಿಕರು ಶಿಪ್‌ಯಾರ್ಡ್ ಕಾರ್ಮಿಕರ ಮೇಲೆ ಗುಂಡು ಹಾರಿಸಿದರು. ಮರುವರ್ಷ ಕ್ರಿಶ್ಟಾಫ್ ಕೀಶ್ಲೋವ್‌ಸ್ಕಿ ಮತ್ತು ಸಂಗಡಿಗರು ದೇಶದ ಕಾರ್ಮಿಕರ ಮನಸ್ಸನ್ನು ಹಿಡಿಯುವ ‘ಕಾರ್ಮಿಕರು 71’ ಎಂಬ ಚಿತ್ರ ತೆಗೆದಾಗ, ದೂರದರ್ಶನದವರು ಅದನ್ನು ತಮಗೆ ಬೇಕಾದಂತೆ ಕತ್ತರಿಸಿ, ಬೇರೆ ಹೆಸರಿಟ್ಟು ತೋರಿಸಿದರು. ಅದಕ್ಕೂ ನಾಲ್ಕು ವರ್ಷ ಮೊದಲು ಫ್ರಾನ್ಸಿನ ಸೇಂಟ್-ನಜೇರ್‌ನಲ್ಲಿ, ಎರಡು ತಿಂಗಳು ನಡೆದ ಶಿಪ್‌ಯಾರ್ಡ್ ಮುಷ್ಕರದ ಕೊನೆಯ ದಿನಗಳನ್ನು ಮಾರ್ಸೆಲ್ ತ್ರಿಯಾ ಮತ್ತು ಯೂಬೇರ್ ಕ್ನಾಪ್ ದೂರದರ್ಶನಕ್ಕಾಗಿಯೇ ಚಿತ್ರೀಕರಿಸಿಕೊಂಡು ಬಂದರೆ, ಅದು ಪ್ರಸಾರವೇ ಆಗಲಿಲ್ಲ. ಹಾಗಾಗಿ ಮರುಪ್ರದರ್ಶನ ಎಂಬ ಪದವನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಎಷ್ಟೋ ಚಿತ್ರಗಳಿಗೆ ಮೊದಲ ಪ್ರದರ್ಶನವೇ ಸರಿಯಾಗಿ ಆಗಿರುವುದಿಲ್ಲ.

1980ರ ಆಗಸ್ಟ್ 7ರಂದು ಗ್ದಾನ್ಸ್ಕ್‌ನ ಲೆನಿನ್ ಶಿಪ್‌ಯಾರ್ಡಿನಲ್ಲಿ ಅನ್ನಾ ವಲೆಂಟಿನೋವಿಚ್ ಎಂಬ ಕ್ರೇನ್ ಚಾಲಕಿಯನ್ನು, ಆಕೆಯ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿರುವಾಗ, ಕೆಲಸದಿಂದ ತೆಗೆದರು. 14ರಂದು ಮುಷ್ಕರ ಶುರುವಾಯಿತು. 16ರಂದು ಆಡಳಿತ ಈ ಯಾರ್ಡಿನ ಬೇಡಿಕೆಗಳಿಗೆ ಒಪ್ಪಿದಾಗ ನಾಯಕ ಲೆಕ್ ವಲೇಸಾ ಮುಷ್ಕರ ಮುಗಿಯಿತೆಂದು ಘೋಷಿಸಿಬಿಟ್ಟರು. ಜನ ಮನೆಗೆ ಹೊರಟರು. ಬೇರೆ ಕಾರ್ಖಾನೆಗಳವರನ್ನು ನಡುನೀರಿನಲ್ಲಿ ಕೈಬಿಟ್ಟು ಹೋಗುವುದೇ ಎಂದು ಗೇಟಿಗೆ ಓಡಿ, ಕೂಗಿ, ಜನರನ್ನು ತಡೆದವರು ವಲೆಂಟಿನೋವಿಚ್ ಮತ್ತು ಯಾರ್ಡಿನ ಆಸ್ಪತ್ರೆಯ ದಾದಿ ಅಲೀನಾ ಪಿಯೆಂಕೋವ್‌ಸ್ಕಾ ಮೊದಲಾದ ಹೆಂಗಸರು. ಅವರು ಅಂದು ಗೇಟು ಹಾಕಿಸದಿದ್ದರೆ 21 ಬೇಡಿಕೆಗಳ ಪಟ್ಟಿಯೂ ಇಲ್ಲ, ಆಗಸ್ಟ್ 31ರ ಒಪ್ಪಂದವೂ ಇಲ್ಲ.

ಅಂದ್ಝೆಯ್ ಖೊದಾಕೋವ್‌ಸ್ಕಿ ಮತ್ತು ಅಂದ್ಝೆಯ್ ಜಯೋಂಚ್ಕೋವ್‌ಸ್ಕಿ ಅವರ ‘ಕಾರ್ಮಿಕರು 80’ ಚಿತ್ರದ ಜೀವಾಳ ಇದರ ಮುಂದಿನ ಘಟ್ಟ, ಅಂದರೆ ಉಪಪ್ರಧಾನಿ ಯಾಗಿಯೆಲ್‌ಸ್ಕಿ ಅವರ ಸರಕಾರಿ ಆಯೋಗಕ್ಕೂ ಮುಷ್ಕರ ಸಮಿತಿಗೂ ನಡೆದ ಮಾತುಕತೆ. ಗಾಜಿನ ಗೋಡೆಯಿರುವ ಚಿಕ್ಕ ಕೋಣೆಯೊಂದರಲ್ಲಿ ಎರಡು ಪಕ್ಷಗಳೂ ಎದುರುಬದುರು ಕೂತಿವೆ. ಗಾಜಿಗೆ ಮುಖ ಒತ್ತಿ ಹೊರಗೆ ಪ್ರತಿನಿಧಿಗಳು ನಿಂತಿದ್ದಾರೆ. ಮೇಜಿನ ಮೇಲಿನ ಮೈಕುಗಳಿಂದ ಒಳಗಿನ ಮಾತು ಇಡೀ ಯಾರ್ಡಿನ ಧ್ವನಿವರ್ಧಕಗಳಿಗೆ ಹೋಗುತ್ತಿದೆ. ಮುಚ್ಚಿದ ಕೋಣೆಯ ಮಾತುಕತೆಗೆ ಹೊಂದಿಕೊಂಡ ಮಂತ್ರಿಗೆ, ತಾನು ಎಳೆಯುವ ಪ್ರತಿಯೊಂದು ಉಸಿರನ್ನೂ ಗೇಟಿನ ಹೊರಗೆ ಊಟ ಹಿಡಿದು ನಿಂತ ಹೆಂಡತಿಮಕ್ಕಳು ಸಹ ಕೇಳುತ್ತಿದ್ದಾರೆ ಎಂಬ ಅರಿವು ಇದೆ. ಅವರು ಒಂದು ವಾಕ್ಯ ಶುರುಮಾಡಿ, ಮಧ್ಯದಲ್ಲಿ ನಿಂತು, ಪದ ಬದಲಿಸುವುದನ್ನು ಕ್ಯಾಮೆರಾ ತಾಳ್ಮೆಯಿಂದ ನೋಡುತ್ತದೆ. ಅಧಿಕಾರ ಎಂಬುದು ಪದ ಹುಡುಕುತ್ತಿರುವ ಇಂಥ ದೃಶ್ಯವನ್ನು ನಾನು ಬೇರೆ ಯಾವ ಚಿತ್ರದಲ್ಲೂ ಕಂಡಿಲ್ಲ. ಕೊನೆಗೆ ವಲೇಸಾ ಸಹಿ ಹಾಕುವುದು ಪೋಪರ ಚಿತ್ರವಿದ್ದ, ಜಾತ್ರೆಯಲ್ಲಿ ಮಾರುವಂಥ ಮಾರುದ್ದದ ಪೆನ್ನಿನಲ್ಲಿ. ನಗೆ ಬರುತ್ತದೆ, ಆ ನಗೆಯಲ್ಲೇ ಎದುರಿಗೆ ಕೂತವರ ಬಿಗುಮಾನ ಅರ್ಧ ಕರಗಿಹೋಗುತ್ತದೆ.

ಆದರೆ ಮೇಜಿನ ಸುತ್ತ ಕೂತವರು ಬಹುಪಾಲು ಗಂಡಸರು. 16ರಂದು ಗೇಟಿನಲ್ಲಿ ನಡೆದದ್ದಕ್ಕೆ ನಾವು ಆ ಹೆಂಗಸರೇ ಮುಂದೆ ಹೇಳಿದ ಮಾತುಗಳನ್ನು ಅವಲಂಬಿಸಬೇಕಾಗುತ್ತದೆ. ಗೇಟಿನ ಒಳಗೆ ನಿಂತ ಕ್ಯಾಮೆರಾಕ್ಕೂ ತನ್ನದೇ ಆದ ಹೊರಗು ಇರುತ್ತದೆ. ಈ ಚಿತ್ರವನ್ನು ಮತ್ತೆ ತೋರಿಸುವವರು, ತೋರಿಸುವ ಮೊದಲು ಈ ಮಾತನ್ನು ಹೇಳುವುದು ಒಳ್ಳೆಯದು ಎಂಬುದು ನನ್ನ ಹಟ. 1981ರ ಡಿಸೆಂಬರ್ 13ರಂದು ಸೈನಿಕ ಆಡಳಿತ ಹೇರಿದ ಮೇಲೆ, ಮೊದಲೇ ಸೀಮಿತವಾಗಿದ್ದ ಅದರ ಪ್ರದರ್ಶನ ನಿಂತಿತು. ಇವತ್ತು ಅದೇ ಯಾರ್ಡಿನ ನೆಲದಲ್ಲಿ, ತುಕ್ಕು ಹಿಡಿದ ಹಡಗಿನ ಒಡಲಿನಂತೆ ಕಾಣುವ ಉಕ್ಕಿನ ಹೊದಿಕೆಯ ಕಟ್ಟಡದಲ್ಲಿ 2014ರಿಂದ, ಆ ಮುಷ್ಕರದಿಂದ ಹುಟ್ಟಿದ ‘ಸಾಲಿಡಾರಿಟಿ’ ಎಂಬ ಕಾರ್ಮಿಕ ಸಂಘಟನೆಯ ಹೆಸರು ಹೊತ್ತ ಯುರೋಪಿಯನ್ ಸಾಲಿಡಾರಿಟಿ ಕೇಂದ್ರ ಇದೆ. ಪ್ಲೈವುಡ್ ಹಲಗೆಯ ಮೇಲೆ ಕೈಯಲ್ಲಿ ಬರೆದ 21 ಬೇಡಿಕೆಗಳನ್ನು 2003ರಲ್ಲಿ ಯುನೆಸ್ಕೋ ತನ್ನ ‘ಜಗತ್ತಿನ ನೆನಪು’ ಪಟ್ಟಿಗೆ ಸೇರಿಸಿಕೊಂಡಿತು. ಯಾರ್ಡು ಮಾತ್ರ 1996ರಲ್ಲೇ ದಿವಾಳಿಯಾಯಿತು.

ಇಲ್ಲಿ ಮರುಪ್ರದರ್ಶನದ ನಿಜವಾದ ತೊಡಕು ಎದುರಾಗುತ್ತದೆ. ಯಾರ್ಡು ಮುಚ್ಚಿ ಸಂಗ್ರಹಾಲಯ ತೆರೆದ ಮೇಲೆ ಹಳೆಯ ಚಿತ್ರಗಳಿಗೆ ಬೇಡಿಕೆ ಬರುತ್ತದೆ, ಮತ್ತು ಆಗ ಬೇಕಾಗುವುದು ನೆನಪಿನ ಸವಿ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2011ರಲ್ಲಿ ಶಿಪ್‌ಯಾರ್ಡ್ ಚಿತ್ರಗಳ ದೊಡ್ಡದೊಂದು ಗುಚ್ಛವನ್ನು ಮತ್ತೆ ಹೊರತಂದಿತು. ಕಲ್ಲಿದ್ದಲು, ಉಕ್ಕು, ಹಡಗು ಎಂದು ಕಣ್ಮರೆಯಾಗುತ್ತಿದ್ದ ದುಡಿಮೆಗಳನ್ನು ದಾಖಲಿಸುವ ಆ ಮಾಲಿಕೆ ಬಹಳ ಉಪಕಾರದ ಕೆಲಸ. ಅದಿಲ್ಲದಿದ್ದರೆ ನಮ್ಮಂಥವರಿಗೆ ಎಷ್ಟೋ ಚಿತ್ರಗಳು ಹೆಸರಾಗಿ ಮಾತ್ರ ಉಳಿಯುತ್ತಿದ್ದವು. ಆದರೆ ‘ಕಳೆದುಹೋದ ಕಸುಬು’ ಎಂಬ ಒಂದೇ ಚೌಕಟ್ಟಿನಲ್ಲಿ ಎಲ್ಲವನ್ನೂ ಕೂರಿಸಿದಾಗ ಮಾಲೀಕರ ಚಿತ್ರ ಮತ್ತು ಮುಷ್ಕರದ ಚಿತ್ರ ಎರಡೂ ಒಂದೇ ಬಣ್ಣಕ್ಕೆ ತಿರುಗುತ್ತವೆ, ಎರಡರಲ್ಲೂ ನಮಗೆ ಕಾಣುವುದು ಹಳೆಯ ಟೋಪಿಗಳೇ ಆಗುತ್ತವೆ. ಅಂತ್ಯ ಗೊತ್ತಿರುವ ಪ್ರೇಕ್ಷಕ, ಮುಚ್ಚಲಿದ್ದ ಯಾರ್ಡು ಮುಚ್ಚಿತು ಎಂದು ನಿಟ್ಟುಸಿರು ಬಿಟ್ಟು ಎದ್ದುಹೋಗುತ್ತಾನೆ.

ಆ ನಿಟ್ಟುಸಿರಿಗೆ ಆಧಾರ ಇದೆಯೇ ಎಂದು ಕೇಳಿಕೊಳ್ಳಬೇಕು. ಕ್ಲೈಡ್‌ಬ್ಯಾಂಕ್ ಯಾರ್ಡು 2001ರಲ್ಲಿ ಮುಚ್ಚಿತು ಎಂಬುದು ನಿಜ. ಅಲ್ಲಿನ ಟೈಟನ್ ಕ್ರೇನ್ ಮುಂದೆ ಪ್ರವಾಸಿಗರು ಹತ್ತಿ ನೋಡುವ ತಾಣವಾಯಿತು. ಆದರೆ 1971ರಲ್ಲಿ ಅದೇ ದಿವಾಳಿ ಕಂಪನಿಯ ಭಾಗವಾಗಿದ್ದ ಗೋವನ್‌ನಲ್ಲಿ ಇವತ್ತಿಗೂ ಯುದ್ಧನೌಕೆಗಳನ್ನು ಕಟ್ಟುತ್ತಿದ್ದಾರೆ. ಅಂದು ಕೈ ಎತ್ತಿದವರು ಎತ್ತದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಯಾವ ಚಿತ್ರವೂ ಉತ್ತರ ಕೊಡದು. ಆದರೂ ಆ ಪ್ರಶ್ನೆಯನ್ನು ಜೀವಂತವಾಗಿ ಇಡದ ಮರುಪ್ರದರ್ಶನ ನನಗೆ ಅರೆಬರೆ ಅನ್ನಿಸುತ್ತದೆ.

ಒಂದು ಚಿತ್ರವಂತೂ ಒಂದೂ ಭಾಷಣವಿಲ್ಲದೆ ಈ ಪ್ರಶ್ನೆಯನ್ನು ಎತ್ತುತ್ತದೆ. ನ್ಯೂಕ್ಯಾಸಲ್‌ನ ಆಂಬರ್ ಎಂಬ ತಂಡ 1974ರಲ್ಲಿ ಹೊರತಂದ ‘ಲಾಂಚ್’ ಸುಮಾರು ಹತ್ತು ನಿಮಿಷದ ಕಿರುಚಿತ್ರ. ಟೈನ್ ನದಿಯ ದಂಡೆಯ ವಾಲ್ಸೆಂಡ್‌ನಲ್ಲಿ ‘ವರ್ಲ್ಡ್ ಯೂನಿಕಾರ್ನ್’ ಎಂಬ ಭಾರೀ ತೈಲ ಹಡಗು ನೀರಿಗಿಳಿಯುವುದಷ್ಟೇ ಅದರ ವಿಷಯ. ಇಟ್ಟಿಗೆಯ ಚಿಕ್ಕ ಮನೆಗಳ ಸಾಲಿನ ತುದಿಯಲ್ಲಿ, ಮನೆಗಳ ಹೊಗೆಗೂಡುಗಳನ್ನೂ ಮೀರಿ, ಹಡಗಿನ ಒಡಲು ಗೋಡೆಯಂತೆ ಎದ್ದಿರುತ್ತದೆ. ಅದರ ನೆರಳಿನಲ್ಲೇ ಬೀದಿಯ ಬದುಕು. ಇಷ್ಟು ದಿನ ಬೀದಿಗೆ ಬೆನ್ನು ಕೊಟ್ಟು ನಿಂತಿದ್ದ ಅದು ಕೊನೆಗೆ ಹಿಂದಕ್ಕೆ ಸರಿದು ಹೋಗುತ್ತದೆ. ಅದು ನಿಂತಿದ್ದ ಜಾಗದಲ್ಲಿ ಮುಂದಿನ ಹಡಗಿನ ಮೊದಲ ಹಾಳೆ ಬಂದು ಕೂರುತ್ತದೆಯೇ ಎಂಬುದೇ ಆ ಬೀದಿಯ ಎಲ್ಲ ಮನೆಗಳ ಚಿಂತೆ. 1970ರ ದಶಕ ಮುಗಿಯುವ ಹೊತ್ತಿಗೆ ಆ ಚಿಂತೆ ಸುಳ್ಳಲ್ಲವೆಂದು ಗೊತ್ತಾಗಿತ್ತು.

ಇನ್ನೊಂದು ತೊಡಕು ಫಿಲ್ಮಿನದೇ. ಸಭೆಗಳಲ್ಲಿ ಓಡಾಡಿದ 16 ಮಿಲಿಮೀಟರ್ ಪ್ರತಿಗಳು ಗೀರು ಬಿದ್ದು, ಹರಿದು, ಅಂಟು ಹಾಕಿಸಿಕೊಂಡು ಬಂದಿರುತ್ತವೆ. ಸರಿಯಾದ ತಂಪಿನಲ್ಲಿ ಇಡದೆ ಹೋದ ಅಸಿಟೇಟ್ ಫಿಲ್ಮು ವಿನೆಗರ್ ವಾಸನೆ ಬಿಡುತ್ತ ಸುರುಟಿಕೊಳ್ಳುತ್ತದೆ. ಡಬ್ಬಿ ತೆರೆದ ಕೂಡಲೇ ಆ ಹುಳಿ ವಾಸನೆ ಮೂಗಿಗೆ ಹೊಡೆದರೆ, ಫಿಲ್ಮ್ ಭಂಡಾರದಲ್ಲಿ ಕೆಲಸ ಮಾಡುವವರ ಮುಖ ಬಾಡುವುದನ್ನು ನೋಡಬೇಕು. ಉಳಿದದ್ದನ್ನು ಡಿಜಿಟಲ್ ಮಾಡುವಾಗ ಪ್ರತಿಯೊಂದು ಗೀರನ್ನೂ ಒರೆಸಬೇಕೇ ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಮೂಲ ನೆಗೆಟಿವ್ ಸಿಕ್ಕರೆ ಅದರಿಂದಲೇ ಮಾಡಬೇಕು, ಸಂದೇಹವಿಲ್ಲ. ಆದರೆ ಸಿಕ್ಕಿರುವುದು ಓಡಾಡಿದ ಪ್ರತಿ ಮಾತ್ರವಾದರೆ, ರೀಲಿನ ಮೊದಲು ಮತ್ತು ಕೊನೆಯಲ್ಲಿ ದಟ್ಟವಾಗಿರುವ ಗೀರುಗಳು ಆ ಚಿತ್ರವನ್ನು ಎಷ್ಟು ಸಲ ಪ್ರೊಜೆಕ್ಟರಿಗೆ ಏರಿಸಿ ಇಳಿಸಿದರು ಎಂಬುದರ ದಾಖಲೆ. ಅವುಗಳನ್ನು ಸ್ವಲ್ಪ ಉಳಿಸಿಕೊಳ್ಳಿ ಎನ್ನುವವರ ಪಕ್ಷ ನನ್ನದು. ಧ್ವನಿಯ ವಿಷಯದಲ್ಲಿ ಇನ್ನೂ ಹಟ: ಕರ್ಕಶ ಎಂದು ಯಾರ್ಡಿನ ಗದ್ದಲವನ್ನು ತಗ್ಗಿಸಿಬಿಟ್ಟರೆ, ಕೈಸನ್ನೆ ಮತ್ತೆ ಬರಿಯ ನೃತ್ಯವಾಗಿಬಿಡುತ್ತದೆ.

ಈ ಸರಣಿಯಲ್ಲಿ ನಾವು ಎರಡು ನಿರ್ಧಾರ ಮಾಡಿಕೊಂಡಿದ್ದೇವೆ. ದೊಡ್ಡ ಚಿತ್ರಗಳ ನಡುವೆ ದೀಪ ಹಾಕಿ, ರೀಲು ಬದಲಿಸುವಷ್ಟು ಹೊತ್ತು ನಿಲ್ಲಿಸುತ್ತೇವೆ; ತಾಂತ್ರಿಕವಾಗಿ ಅದರ ಅಗತ್ಯವಿಲ್ಲದಿದ್ದರೂ. ಮುಂದೇನಾಯಿತು ಎಂಬುದನ್ನು ಚಿತ್ರ ಮುಗಿಯುವ ಮುನ್ನ ಯಾರೂ ಹೇಳುವುದಿಲ್ಲ. ಇವತ್ತು ನಾನು ಹೇಳಿಬಿಟ್ಟಿದ್ದೇನೆ, ಕ್ಷಮೆಯಿರಲಿ. ಉಪನ್ಯಾಸಕರಿಗೆ ಈ ಚಾಳಿ ಇದ್ದದ್ದೇ.

ಕೊನೆಯ ದಿನದ ಚಿತ್ರದ ಬಗ್ಗೆ ಒಂದು ಮಾತು. ಅದು ದಕ್ಷಿಣ ಕೊರಿಯಾದ ಬುಸಾನ್ ನಗರದ ಯೊಂಗ್‌ದೊ ದ್ವೀಪದ್ದು. ಆ ದ್ವೀಪದ ಹೆಸರಿಗೆ ನೆರಳಿನ ದ್ವೀಪ ಎಂಬ ಅರ್ಥವಿದೆ. ಕಿಮ್ ಜಂಗ್-ಗುನ್ ಅವರ ಚಿತ್ರದ ಹೆಸರೂ ‘ನೆರಳುಗಳ ದ್ವೀಪ’ ಎಂದೇ, ಅದು 2014ರದು. ಅಲ್ಲಿನ ಯಾರ್ಡಿನಲ್ಲಿ 2003ರಲ್ಲಿ ಸಂಘದ ನಾಯಕ ಕಿಮ್ ಜು-ಇಕ್ 85ನೇ ಸಂಖ್ಯೆಯ ಕ್ರೇನನ್ನು ಏರಿ 129 ದಿನ ಅಲ್ಲೇ ಇದ್ದು, ಅಲ್ಲೇ ಪ್ರಾಣ ಕಳೆದುಕೊಂಡರು. 2011ರ ಜನವರಿ 6ರಂದು, ನೂರಾರು ಜನರನ್ನು ಕೆಲಸದಿಂದ ತೆಗೆಯುವುದನ್ನು ವಿರೋಧಿಸಿ, ಕಿಮ್ ಜಿನ್-ಸುಕ್ ಎಂಬ ವೆಲ್ಡರ್ ಹೆಂಗಸು ಅದೇ ಕ್ರೇನನ್ನು ಏರಿದರು. 35 ಮೀಟರ್ ಎತ್ತರ, 309 ದಿನ. ಅಲ್ಲಿಂದ ಮೊಬೈಲಿನಲ್ಲಿ ಜಗತ್ತಿನೊಂದಿಗೆ ಮಾತಾಡಿದರು. ದೇಶದ ಮೂಲೆಮೂಲೆಗಳಿಂದ ‘ಭರವಸೆಯ ಬಸ್ಸು’ಗಳಲ್ಲಿ ಜನ ಅವರನ್ನು ನೋಡಲು ಬಂದರು. ಇಲ್ಲಿ ಕ್ಯಾಮೆರಾ ಗೇಟಿನ ಒಳಗಿದೆಯೇ ಹೊರಗಿದೆಯೇ ಎಂಬ ನನ್ನ ಲೆಕ್ಕವೇ ತಪ್ಪುತ್ತದೆ, ಏಕೆಂದರೆ ಮೇಲೆ ಏರಿದವರ ಕೈಯಲ್ಲೇ ಕ್ಯಾಮೆರಾ ಇತ್ತು. ನವೆಂಬರ್ 10ರಂದು ಒಪ್ಪಂದವಾಗಿ ಅವರು ಇಳಿದರು. ತೆಗೆದುಹಾಕಿದ್ದವರನ್ನು ಮರಳಿ ಸೇರಿಸಿಕೊಳ್ಳುವ ಆ ಒಪ್ಪಂದದಲ್ಲಿ ಅವರ ಸ್ವಂತ ಕೆಲಸದ ಮಾತು ಇರಲಿಲ್ಲ. ಅವರನ್ನು ಆ ಯಾರ್ಡಿನಿಂದ ಹೊರಹಾಕಿದ್ದು 1986ರಲ್ಲಿ.

ಚಿತ್ರ ಬಂದದ್ದು 2014ರಲ್ಲಿ ಆದ್ದರಿಂದ ಅದರಲ್ಲಿ ಇಲ್ಲದ ಒಂದು ದಿನವನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಬೇಕಾಗುತ್ತದೆ. 2022ರ ಫೆಬ್ರುವರಿ 25ರಂದು ಕಿಮ್ ಜಿನ್-ಸುಕ್ ಕೆಲಸದ ಉಡುಪು ತೊಟ್ಟು ಆ ಯಾರ್ಡಿಗೆ ಹೋದರು. ನಿವೃತ್ತಿಯ ವಯಸ್ಸು ದಾಟಿತ್ತು. ಬೆಳಿಗ್ಗೆ ಕೆಲಸಕ್ಕೆ ಮರಳಿ ಸೇರಿದರು, ಅದೇ ದಿನ ನಿವೃತ್ತರಾದರು.